ನೆಲಕ್ಕೆ ಎರಡು ಏಟು

ಇಸವಿ ೨೨೪೧, ಫೆಬ್ರವರಿ ಮೂವತ್ತು
ಮೆತ್ತನೆಮನೆ ಆರು, ವೇದಾವತಿ ದಂಡೆ

ಕರೇಕಲ್ಲಹಟ್ಟಿ ಅಂಗನವಾಡಿಯ ಓಬಳಮ್ಮ ಟೀಚರ್ ಅವರಿಗೆ, ಕೆಂಚಮ್ಮ ಮಾಡುವ ನಮಸ್ಕಾರಗಳು.

ತಾರೀಕು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದಾರು ದಿನಗಳನ್ನು ವರ್ಷದ ಕೊನೆಗೆ ತಳ್ಳಿ ರಜೆ ಮಾಡುತ್ತೇವೆ. ನನ್ನ ಮಾತು ನಿಮಗೆ ಅಲ್ಲಲ್ಲಿ ಸೊಟ್ಟ ಅನ್ನಿಸಿದರೆ ಕ್ಷಮೆಯಿರಲಿ. ನಾವು ಹೀಗೆ ಮಾತಾಡುವವರಲ್ಲ. ಇನ್ನೂರು ವರ್ಷ ಉಳಿದು ನಮ್ಮ ಕೈಸೇರಿದ ನಿಮ್ಮ ನೋಟ್‌ಬುಕ್ಕನ್ನು ಹನ್ನೊಂದು ಸಲ ಓದಿ, ನಿಮ್ಮ ಮಾತನ್ನೇ ಕದ್ದು ನಿಮಗೇ ಬರೆಯುತ್ತಿದ್ದೇನೆ. ಎಲ್ಲಿ ನಿಮ್ಮ ಮಾತು ಸಾಲದೋ ಅಲ್ಲಿ ನಮ್ಮದನ್ನು ಹಾಕಿ, ಅದೇನೆಂದು ಹೇಳುತ್ತೇನೆ. ಬರೆಯುತ್ತಿರುವುದು ಅದೇ ನೋಟ್‌ಬುಕ್ಕಿನ ಹಿಂಬದಿಯ ಖಾಲಿ ಹಾಳೆಗಳಲ್ಲಿ. ಕಾಗದ ಹಿಂದಕ್ಕೆ ಹೋಗುವ ದಾರಿ ಯಾವುದಾದರೂ ಇದ್ದರೆ ಅದು ಇಲ್ಲಿಂದಲೇ ಇರಬೇಕು.

ನಾನು ಮಾಡುವುದೂ ನಿಮ್ಮದೇ ಕೆಲಸ. ಹತ್ತೊಂಬತ್ತು ವರ್ಷದಿಂದ ಪುಟ್ಟ ಮಕ್ಕಳ ಮನೆಯಲ್ಲಿದ್ದೇನೆ. ಈಗ ಹದಿನಾಲ್ಕು ಮಕ್ಕಳಿದ್ದಾರೆ, ಯಾರಿಗೂ ನಾಲ್ಕು ತುಂಬಿಲ್ಲ. ನಿಮ್ಮನ್ನು ಟೀಚರ್ ಅನ್ನುತ್ತಾರೆ. ನನ್ನನ್ನು ನೋಡುಗಿತ್ತಿ ಅನ್ನುತ್ತಾರೆ, ಅಂದರೆ ನೋಡುವವಳು. ಮುಟ್ಟುವವಳಲ್ಲ, ಎತ್ತುವವಳಲ್ಲ. ಮಕ್ಕಳಿಗಿಂತ ಒಂದಾಳು ಎತ್ತರದಲ್ಲಿ ನನಗೊಂದು ಪೀಠವಿದೆ. ಬೆಳಿಗ್ಗೆ ಹತ್ತಿ ಕೂತರೆ ಸಂಜೆ ಇಳಿಯುವುದು. ಸುತ್ತಿ ಬಳಸಿ ಹೇಳುವುದು ನನಗೆ ಬಾರದು ಟೀಚರ್, ನಿಮ್ಮನ್ನು ನೆನೆದರೆ ನನಗೆ ಹೊಟ್ಟೆಕಿಚ್ಚು. ಸಣ್ಣಪುಟ್ಟದ್ದಲ್ಲ, ಅನ್ನ ಸೇರದಷ್ಟು.

ನಮ್ಮ ಮನೆ ಹೇಗಿದೆ ಹೇಳುತ್ತೇನೆ, ಆಗ ನಿಮಗೆ ತಿಳಿಯುತ್ತದೆ. ಇಲ್ಲಿ ಹಾಸಿರುವುದು ತಾಳುನೆಲ. ಮಗು ಎತ್ತ ವಾಲಿತೋ ಅತ್ತ ತಾನೇ ಉಬ್ಬಿ, ಬೀಳುವ ಮುನ್ನವೇ ಆನಿಸಿಕೊಳ್ಳುವ ನೆಲ. ಅರವತ್ತು ವರ್ಷದಿಂದ ಈ ಮನೆಯಲ್ಲಿ ಒಂದು ಮಗುವೂ ಬಿದ್ದಿಲ್ಲ ಎಂದು ಬಾಗಿಲ ಮೇಲೆ ಬರೆದಿದೆ. ಮಕ್ಕಳಿಗೆ ಮೈಗಾವಲು ಎಂಬ ತೆಳು ಅಂಗಿ ತೊಡಿಸಿರುತ್ತಾರೆ. ಜ್ವರ ಬರುವ ಹಿಂದಿನ ದಿನವೇ ಅದಕ್ಕೆ ಗೊತ್ತಾಗಿ ಮದ್ದು ಮೈಗಿಳಿಯುತ್ತದೆ. ಒದ್ದೆಯಾದರೆ ಅದೇ ಒಣಗಿಸುತ್ತದೆ, ಮೂಗು ಸೋರಿದರೆ ಅದರ ಕೊರಳಪಟ್ಟಿಯೇ ಒರೆಸುತ್ತದೆ. ತೂಕ, ಎತ್ತರ, ತೋಳಿನ ಸುತ್ತಳತೆ ಎಲ್ಲವನ್ನೂ ನೆಲವೇ ಅಳೆಯುತ್ತದೆ. ಊಟದ ಹೊತ್ತಿಗೆ ಪ್ರತಿ ಮಗುವಿನ ಮುಂದೆ ಅದಕ್ಕೆ ಎಷ್ಟು ಬೇಕೋ ಅಷ್ಟೇ ತುತ್ತು ಎದ್ದು ಬರುತ್ತದೆ. ಮಕ್ಕಳು ಗುಂಡಗಿದ್ದಾರೆ, ಕೆನ್ನೆ ಕೆಂಪಗಿದೆ. ನಾನು ಮೇಲೆ ಕೂತು ನನ್ನ ಎರಡು ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಿರುತ್ತೇನೆ.

ಇನ್ನು ನೀವೋ! ತಿಂಗಳಿಗೊಮ್ಮೆ ಮಕ್ಕಳನ್ನು ಚಡ್ಡಿಯಂಥ ಚೀಲದಲ್ಲಿ ಕೂರಿಸಿ, ತೊಲೆಗೆ ಕಟ್ಟಿದ ತಕ್ಕಡಿಗೆ ನೇತುಹಾಕುತ್ತೀರಂತೆ. ಬೋರೇಶ ಎಂಬುವನು ಪ್ರತಿ ಸಲವೂ ಮುಳ್ಳು ನಿಲ್ಲುವ ಹೊತ್ತಿಗೆ ಸರಿಯಾಗಿ ನಿಮ್ಮ ಸೀರೆ ಮೇಲೆ ಉಚ್ಚೆ ಹೊಯ್ಯುತ್ತಾನಂತೆ. ಸಾಲಾಗಿ ಕೂರಿಸಿ ಇಪ್ಪತ್ತೆರಡು ಮಕ್ಕಳ ಉಗುರು ಕತ್ತರಿಸಿ, ಕೈಗೆ ಸೋಪು ಹಚ್ಚಿ, ಮೊಟ್ಟೆ ಸುಲಿದು ತಿನ್ನಿಸಿದರೆ ಬಿಳಿ ನುಂಗಿ ಹಳದಿಯನ್ನು ನಿಮ್ಮ ಅಂಗೈಗೇ ಉಗಿಯುತ್ತಾರಂತೆ. ಮಧ್ಯಾಹ್ನ ಚಾಪೆಯ ಮೇಲೆ ಮಲಗಿಸಿ ಬೆನ್ನು ತಟ್ಟುವಾಗ ನಿಮಗೇ ನಿದ್ದೆ ಬಂದು, ಮೇಲ್ವಿಚಾರಕಿ ಬಂದು ಬೈದು ಹೋದರಂತೆ. ಒಬ್ಬಳು ಬಾಯಿತಪ್ಪಿ ನಿಮ್ಮನ್ನು ಅಮ್ಮಾ ಅಂದಳು, ಮಿಕ್ಕವರೆಲ್ಲ ನಕ್ಕರು ಎಂದು ಒಂದೇ ಸಾಲಿನಲ್ಲಿ ಬರೆದು ಮುಂದಿನ ವಿಷಯಕ್ಕೆ ಹೋಗಿದ್ದೀರಿ. ಒಂದೇ ಸಾಲು! ನನಗಾಗಿದ್ದರೆ ನೋಟ್‌ಬುಕ್ಕೇ ಸಾಲುತ್ತಿರಲಿಲ್ಲ. ನೀವು ಇದೆಲ್ಲವನ್ನೂ ಕಷ್ಟ ಎಂದು ಬರೆದುಕೊಂಡಿದ್ದೀರಿ, ನಾನು ಓದಿ ಹಲ್ಲು ಕಡಿದಿದ್ದೇನೆ.

ದೂರದ ಬೆಟ್ಟ ನುಣ್ಣಗೆ ಅಂತ ನೀವು ಅನ್ನಬಹುದು. ಹೌದು, ನಾನು ಕುರುಡಿಯಲ್ಲ. ತೀರಾ ಸೊರಗಿದ್ದಾಳೆಂದು ತೋಳಿಗೆ ಸುತ್ತುವ ಪಟ್ಟಿ ಕೆಂಪು ತೋರಿಸಿದ ಹುಡುಗಿಯೊಬ್ಬಳನ್ನು ಹೊತ್ತುಕೊಂಡು ನೀವು ತಾಲ್ಲೂಕು ಆಸ್ಪತ್ರೆಗೆ ಹೋದದ್ದು, ಮೂರನೆಯ ದಿನ ಬರಿಗೈಯಲ್ಲಿ ಬಂದದ್ದು ಬರೆದಿದ್ದೀರಿ. ಆ ಪುಟದ ಮೇಲೆ ನನಗೆ ಕಿಚ್ಚಿಲ್ಲ. ನಮ್ಮಲ್ಲಿ ಹಾಗೆ ಯಾವ ಮಗುವೂ ಹೋಗುವುದಿಲ್ಲ. ಅದನ್ನು ಓದಿ ಒಂದು ದಿನ ನೋಟ್‌ಬುಕ್ಕನ್ನು ಮುಚ್ಚಿಟ್ಟಿದ್ದೆ.

ಈಗ ನಮ್ಮವರ ಬುದ್ಧಿವಂತಿಕೆಯ ಕಥೆ ಕೇಳಿ. ನಿಮ್ಮ ನೋಟ್‌ಬುಕ್ಕಿನಲ್ಲಿ ಎಲ್ಲಿ ತೆರೆದರೂ ಒಂದು ಮಾತಿದೆ. ಬೋರೇಶ ಬಿದ್ದ, ನೆಲಕ್ಕೆ ಎರಡು ಬಾರಿಸಿದೆ, ಸರಿಹೋಯಿತು. ಚೌಡಿ ಎಡವಿದಳು, ನೆಲಕ್ಕೆ ಎರಡು ಬಾರಿಸಿದೆ, ಸರಿಹೋಯಿತು. ನಮ್ಮ ಪಂಡಿತರು ಏಳು ಜನ ಕೂತು ಇದರ ಅರ್ಥ ಹುಡುಕಿದರು. ಆ ಕಾಲದ ನೆಲ ಮಣ್ಣಿನದು, ಮಗು ಬಿದ್ದ ಕಡೆ ಸಡಿಲವಾಗುತ್ತಿತ್ತು, ಟೀಚರು ಬಡಿದು ಗಟ್ಟಿ ಮಾಡುತ್ತಿದ್ದರು, ಸರಿಹೋದದ್ದು ನೆಲ ಎಂದು ತೀರ್ಮಾನಿಸಿದರು. ನೋಡುಗಿತ್ತಿಯರ ಪಾಠಪುಸ್ತಕದಲ್ಲಿ ಇದು ‘ಪುರಾತನರ ನೆಲ ದುರಸ್ತಿ ಕ್ರಮ’ ಎಂಬ ಅಧ್ಯಾಯವಾಗಿದೆ. ನಾನೇ ಹೊಸಬರಿಗೆ ಎಷ್ಟೋ ವರ್ಷ ಅದನ್ನು ಕಲಿಸಿದ್ದೇನೆ, ಪರೀಕ್ಷೆಯಲ್ಲಿ ಕೇಳಿದ್ದೇನೆ.

ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಬಿಡಬಹುದಿತ್ತು. ನಾಲ್ಕು ತುಂಬಿದ ಮಕ್ಕಳು ತಾಳುನೆಲ ಬಿಟ್ಟು ಬರಿನೆಲಕ್ಕೆ ಇಳಿಯಬೇಕು. ಲೋಕವೆಲ್ಲ ಮೆತ್ತಗಿಲ್ಲವಲ್ಲ. ಅದಕ್ಕೆ ಮೂರು ತಿಂಗಳ ಮೊದಲೇ ಅಂಗಳದಲ್ಲಿ ಅಭ್ಯಾಸ. ಇಳಿದು ನಡೆಯಲಾಗದ ಮಕ್ಕಳಿಗೆ ಆಸರೆಗಾಲು ತೊಡಿಸುತ್ತಾರೆ. ತೊಡೆಯಿಂದ ಹಿಮ್ಮಡಿಯವರೆಗಿನ ಕವಚ ಅದು, ಮಗುವಿನ ಬದಲು ತಾನೇ ನಡೆಯುತ್ತದೆ. ಒಮ್ಮೆ ತೊಟ್ಟರೆ ಕಾಲಿನ ಸ್ನಾಯು ಸೊರಗಿ, ಆಮೇಲೆ ಬಿಚ್ಚಿದವರನ್ನು ನಾನು ಕಂಡಿಲ್ಲ. ಈ ಸಲ ಜೋಗಿ ಎಂಬ ಹುಡುಗಿಯ ಸರದಿ. ಮೂರು ವರ್ಷ ಒಂಬತ್ತು ತಿಂಗಳು, ಕಾಲು ಕಂಬದಷ್ಟು ಗಟ್ಟಿ, ಮೂಳೆಯಲ್ಲಿ ಏನೂ ಕೊರತೆಯಿಲ್ಲ. ಅಂಗಳಕ್ಕೆ ಇಳಿದು ಆರು ಹೆಜ್ಜೆ ಹಾಕಿದಳು, ಏಳನೆಯದಕ್ಕೆ ಎಡವಿ ಮೊಣಕಾಲೂರಿ ಬಿದ್ದಳು. ಹುಟ್ಟಿದ ಮೇಲೆ ಅವಳು ಬಿದ್ದದ್ದು ಅದೇ ಮೊದಲು.

ಅವಳು ಅಳಲಿಲ್ಲ. ಸುತ್ತ ನೋಡಿ, ಪೀಠದ ಮೇಲಿದ್ದ ನನ್ನನ್ನು ಕೇಳಿದಳು, “ನನ್ನನ್ನು ಯಾರು ಹೊಡೆದರು?”

ಯಾರೂ ಹೊಡೆದಿಲ್ಲಮ್ಮ, ನೀನೇ ಬಿದ್ದೆ ಅಂದೆ. ನಿಜ ಹೇಳಬೇಕೆಂದು ನಮಗೆ ಕಲಿಸಿದ್ದಾರೆ. ಅವಳು ಅಂಬೆಗಾಲಿಟ್ಟು ಒಳಗೆ ಹೋದಳು. ಆಮೇಲೆ ನಲವತ್ತು ದಿನ ಹೊಸ್ತಿಲು ದಾಟಲಿಲ್ಲ. ಬೇರೆ ಮಕ್ಕಳು ಅಂಗಳದಲ್ಲಿ ಕುಪ್ಪಳಿಸುವಾಗ ತಾಳುನೆಲದ ಅಂಚಿನಲ್ಲಿ ಕೂತು ತನ್ನ ಕಾಲನ್ನೇ ನೋಡಿಕೊಳ್ಳುತ್ತಿದ್ದಳು. ಅಳತೆಯವರು, ಅಂದರೆ ನಿಮ್ಮ ಮೇಲ್ವಿಚಾರಕಿಯ ಹಾಗೆ ತಪಾಸಣೆಗೆ ಬರುವವರು, ಬಂದು ಅವಳ ಕಾಲಿನ ಅಳತೆ ತೆಗೆದುಕೊಂಡು ಎಂಟು ದಿನದಲ್ಲಿ ಆಸರೆಗಾಲು ತರುತ್ತೇವೆ ಅಂದರು. ಅವಳ ತಾಯಿ ನನ್ನ ಮುಖ ನೋಡಿದಳು.

ಆ ವಾರ ನಾನು ನಿಮ್ಮ ನೋಟ್‌ಬುಕ್ಕನ್ನು ಹನ್ನೊಂದನೆಯ ಸಲ ಹಿಡಿದೆ. ಕಿಚ್ಚು ಆರಲೆಂದಲ್ಲ, ನಿಮ್ಮ ಮಕ್ಕಳು ದಿನಕ್ಕೆ ಹತ್ತು ಸಲ ಬಿದ್ದೂ ಹೇಗೆ ಓಡುತ್ತಿದ್ದರು ಎಂದು ಹೊಟ್ಟೆ ಉರಿದು. ನಡುವೆ ಗಂಜಿಯೋ ಪಾಯಸವೋ ಚೆಲ್ಲಿ ಅಂಟಿಕೊಂಡಿದ್ದ ಎರಡು ಹಾಳೆಗಳಿದ್ದವು. ಪಂಡಿತರು ಹರಿದೀತೆಂದು ಮುಟ್ಟಿರಲಿಲ್ಲ. ನಾನು ಬಿಸಿನೀರಿನ ಹಬೆಗೆ ಹಿಡಿದು ಬಿಡಿಸಿದೆ. ನೀವು ಬರೆದದ್ದನ್ನು ಇದ್ದ ಹಾಗೆ ಇಳಿಸುತ್ತೇನೆ: “ಬಿದ್ದ ಮಗು ಮೊದಲು ಅಳಲ್ಲ, ಯಾರು ಹೊಡೆದರು ಅಂತ ಸುತ್ತ ನೋಡುತ್ತೆ. ಆಗಲೇ ನೆಲಕ್ಕೆ ಎರಡು ಬಾರಿಸಿ, ನಮ್ಮ ಮಗೂನ ಹೊಡಿತೀಯಾ ಅಂತ ಬೈಬೇಕು. ಇಲ್ಲಾಂದ್ರೆ ತಪ್ಪು ತನ್ನದೇ ಅಂದ್ಕೊಳ್ಳುತ್ತೆ.”

ಅಯ್ಯೋ ನನ್ನ ಕರ್ಮವೇ ಅಂದುಕೊಂಡೆ. ಏಳು ಪಂಡಿತರು, ಒಂದು ಅಧ್ಯಾಯ, ಹತ್ತೊಂಬತ್ತು ವರ್ಷದ ಪಾಠ, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಮರುದಿನ ಬೆಳಿಗ್ಗೆ ಪೀಠದಿಂದ ಇಳಿದೆ. ಕೆಲಸದ ಹೊತ್ತಿನಲ್ಲಿ ನೋಡುಗಿತ್ತಿ ಇಳಿಯಕೂಡದು, ಇಳಿದರೆ ಕೆಲಸ ಹೋಗುತ್ತದೆ. ಹೋದರೆ ಹೋಗಲಿ ಎಂದು ಅಂಗಳಕ್ಕೆ ಹೋಗಿ, ಜೋಗಿ ಬಿದ್ದ ಜಾಗದಲ್ಲೇ ಕುಕ್ಕರುಗಾಲಲ್ಲಿ ಕೂತೆ. ಅವಳು ಅಂಚಿನಿಂದ ನೋಡುತ್ತಿದ್ದಳು. ಜನ್ಮದಲ್ಲಿ ಯಾರಿಗೂ ಯಾವುದಕ್ಕೂ ಹೊಡೆದವಳಲ್ಲ ನಾನು. ಮೊದಲ ಏಟಿಗೆ ನನ್ನ ಅಂಗೈಯೇ ಚುರ್ರೆಂದಿತು. ನೀನೇ ಅಲ್ಲವಾ ನಮ್ಮ ಜೋಗೀನ ಹೊಡೆದದ್ದು, ನಾಚಿಕೆಯಾಗೋದಿಲ್ಲವಾ ನಿನಗೆ, ಅಷ್ಟು ಪುಟ್ಟ ಮಗುವಿನ ಮೇಲೆ ಕೈಮಾಡೋಕೆ ಎಂದು ನೆಲವನ್ನು ಬಾಯಿಗೆ ಬಂದ ಹಾಗೆ ಬೈದು ಎರಡನೆಯದು ಕೊಟ್ಟೆ. ನಿಮ್ಮ ಬೈಗುಳ ನನಗೆ ಇಷ್ಟೇ ಗೊತ್ತಿದ್ದದ್ದು.

ಜೋಗಿಯ ಬಾಯಿ ತೆರೆದೇ ಇತ್ತು. ಅವಳು ಅಂದಳು, “ಇನ್ನೊಂದು ಹಾಕು.”

ಹಾಕಿದೆ. ಅವಳು ಹೊಸ್ತಿಲ ಮೇಲೆ ಒಂದು ಕಾಲಿಟ್ಟು, ಮತ್ತೆ ಎಳೆದುಕೊಂಡು, ಮತ್ತೆ ಇಟ್ಟಳು. ನಡೆದು ಬಂದಳು ಟೀಚರ್. ಹದಿನಾರು ಹೆಜ್ಜೆ, ನಾನು ಉಸಿರು ಬಿಡದೆ ಎಣಿಸಿದ್ದೇನೆ. ಬಂದು ನನ್ನ ಪಕ್ಕ ಕೂತು, ನಲವತ್ತು ದಿನದ ಸಿಟ್ಟನ್ನೆಲ್ಲ ಆ ನೆಲದ ಮೇಲೆ ತೀರಿಸಿಕೊಂಡಳು.

ಎಂಟನೆಯ ದಿನ ಅಳತೆಯವರು ಆಸರೆಗಾಲು ಹೊತ್ತುಕೊಂಡು ಬಂದರು. ಜೋಗಿ ಅವರ ಕಣ್ಣೆದುರೇ ಓಡಿ, ಕಣ್ಣೆದುರೇ ಬಿದ್ದಳು. ಅವಳು ನಮ್ಮ ಯಾರ ಕಡೆಗೂ ನೋಡದೆ ನೆಲಕ್ಕೆ ಎರಡು ಬಾರಿಸಿ, ಎದ್ದು, ಓಡಿದಳು. ಅಳತೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ‘ನಡಿಗೆ ಸರಿಯಿದೆ, ಮಗು ನೆಲ ದುರಸ್ತಿಯಲ್ಲಿ ತೊಡಗಿತ್ತು’ ಎಂದು ಬರೆದುಕೊಂಡು ಆಸರೆಗಾಲನ್ನು ವಾಪಸು ತೆಗೆದುಕೊಂಡು ಹೋದರು. ನಾನು ತಿದ್ದಲು ಹೋಗಲಿಲ್ಲ, ಪೀಠ ಇಳಿದದ್ದನ್ನೂ ಹೇಳಲಿಲ್ಲ. ಅವರ ಗಾಡಿ ಹೋದ ಮೇಲೆ ಜೋಗಿ ನನ್ನ ಹತ್ತಿರ ಬಂದು ಎರಡು ಕೈಯನ್ನೂ ಮೇಲೆತ್ತಿ ನಿಂತಳು. ಈ ಮನೆಯಲ್ಲಿ ಆ ಸನ್ನೆಯನ್ನು ಯಾರೂ ಅವಳಿಗೆ ಕಲಿಸಿಲ್ಲ. ನನಗೂ ಅದು ನಿಮ್ಮ ನೋಟ್‌ಬುಕ್ಕಿನಲ್ಲಿ ಓದಿ ಮಾತ್ರ ಗೊತ್ತಿತ್ತು.

“ಎತ್ಕೋ,” ಅಂದಳು.

ಮತ್ತೆ ಪೀಠದಿಂದ ಇಳಿದು ಎತ್ತಿಕೊಂಡೆ. ಎಲ್ಲಿ ಕೈ ಹಾಕಬೇಕು, ಎಲ್ಲಿ ಕೂರಿಸಿಕೊಳ್ಳಬೇಕು ಎಂದು ತಿಳಿಯದೆ ಹೇಗೆ ಹೇಗೋ ಎತ್ತಿ, ಸೊಂಟ ಉಳುಕಿಸಿಕೊಂಡು, ಮೂರು ದಿನದಿಂದ ಗೋಡೆಗೆ ಒರಗಿ ಕೂತಿದ್ದೇನೆ. ಇದನ್ನೂ ಹಾಗೆಯೇ ಬರೆಯುತ್ತಿದ್ದೇನೆ. ಮದ್ದು ಕೊಡಲು ಬಂದಿದ್ದರು, ಬೇಡ ಅಂದೆ.

ನೀವು ಈ ನೋಟ್‌ಬುಕ್ಕಿನಲ್ಲಿ ಕೊನೆಗೆ ಬರೆದ ಸಾಲು ನಿಮಗೆ ನೆನಪಿರಬಹುದು: “ಎತ್ತಿ ಎತ್ತಿ ಸೊಂಟ ಬಿದ್ದುಹೋಯ್ತು. ದೇವರೇ, ಮುಂದಿನ ಜನ್ಮದಲ್ಲಾದರೂ ಮಕ್ಕಳನ್ನ ಎತ್ತದ ಕೆಲಸ ಕೊಡಪ್ಪಾ.”

ಕೊಟ್ಟ ಟೀಚರ್. ಆ ಮುಂದಿನ ಜನ್ಮ ನನ್ನದೇ ಇರಬೇಕು. ನೀವು ಬೇಡಿದ್ದೆಲ್ಲ ಅಕ್ಷರ ಬಿಡದೆ ನನ್ನ ಪಾಲಿಗೆ ಬಂತು. ಹತ್ತೊಂಬತ್ತು ವರ್ಷಕ್ಕೆ ಒಂದೇ ಒಂದು ಸಲ ಎತ್ತಿದ್ದೇನೆ, ನೀವು ಈ ಬೆಳಿಗ್ಗೆಯೊಂದರಲ್ಲೇ ಎಷ್ಟು ಸಲ ಎತ್ತಿದಿರೋ. ಕೈಮುಗಿದು ಕೇಳುತ್ತೇನೆ, ಒಂದು ಪೆನ್ನು ತೆಗೆದುಕೊಂಡು ಆ ಸಾಲನ್ನು ಹೊಡೆದುಹಾಕಿ.

ಇಂತಿ, ನಿಮ್ಮ ಮೇಲೆ ಇನ್ನೂ ಹೊಟ್ಟೆಕಿಚ್ಚಿರುವ,
ಕೆಂಚಮ್ಮ