ಕಳಿಸಿಕೊಡುವುದು ಎಂಬ ಮಾತು

ವಿಜಯಪುರ
30 ಫೆಬ್ರವರಿ 2194

ವೈದ್ಯ ವಿದ್ಯಾರ್ಥಿಗಳಿಗೆ ಕಥೆ, ನಾಟಕ ಕಲಿಸುತ್ತಿರುವ ಗುರುಗಳೇ, ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಈಗ ಎಲ್ಲ ತಿಂಗಳಿಗೂ ಮೂವತ್ತು ದಿನ. ಮಿಕ್ಕ ದಿನಗಳು ಊರಿಗೆಲ್ಲ ರಜೆ. ನನ್ನ ಕನ್ನಡ ನಿಮಗೆ ತುಸು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನಾನು ಚನಮಲ್ಲಪ್ಪ, ಇಲ್ಲಿನ ಆಸ್ಪತ್ರೆಯೊಂದರಲ್ಲಿ ಶಸ್ತ್ರವೈದ್ಯ.

ನಮ್ಮಲ್ಲಿ ಪ್ರತಿ ಹಾಸಿಗೆಯ ಮೇಲೂ ಒಂದು ದೇಹಗನ್ನಡಿ ಇದೆ. ರೋಗಿಯ ಒಳಗೆ ಏನಾಗುತ್ತಿದೆಯೆಂದು ಅದೇ ನೋಡುತ್ತದೆ, ಅದೇ ರೋಗಿಗೆ ಗಟ್ಟಿಯಾಗಿ ಹೇಳುತ್ತದೆ. ಇಷ್ಟೆಲ್ಲ ಇರುವಾಗ ಎರಡನೇ ವರ್ಷದವರು ವಾರಕ್ಕೆರಡು ಮಧ್ಯಾಹ್ನ ನಾಟಕ ಓದುವುದೇಕೆ? ನಿಮ್ಮ ಕಾಲದಿಂದ ಬಂದ ಆ ತರಗತಿಗೆ ನಾವು 'ಆಲಿಕೆ' ಎನ್ನುತ್ತೇವೆ. ಅದನ್ನು ತೆಗೆದುಹಾಕಬೇಕೆಂದು ಕಾಲೇಜಿಗೆ ಅರ್ಜಿ ಬರೆದವನು ನಾನೇ.

ಅದೇ ವಾರ ಗುರುಬಾಯಿ ಎಂಬ, ಕೌದಿ ಹೊಲಿದು ಬದುಕಿದ ಎಪ್ಪತ್ತರ ಹೆಂಗಸಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿದ್ದೆ. ಗಾಯ ಚೆನ್ನಾಗಿ ಮಾಯುತ್ತಿತ್ತು. ಆದರೆ ಆಕೆ ಮಾತು ಬಿಟ್ಟಳು, ಊಟ ಬಿಟ್ಟಳು. ಗಂಜಿ ತಂದರೆ ಗೋಡೆಯ ಕಡೆ ಹೊರಳುತ್ತಿದ್ದಳು. ಕನ್ನಡಿ ಎಲ್ಲ ಸರಿಯಿದೆ ಎನ್ನುತ್ತಿತ್ತು. ಎರಡು ದಿನ ನೋಡಿ, ಮೂಗಿನಿಂದ ನಳಿಕೆ ಇಳಿಸಿ ಉಣಿಸೋಣ ಎಂದು ಹೊರಟೆ.

ಜೊತೆಗೆ ಮೆಹರಾಜ್ ಇದ್ದಳು, ಎರಡನೇ ವರ್ಷದ ವಿದ್ಯಾರ್ಥಿನಿ. "ಸರ್, ಒಂದೈದ್ ನಿಮಿಷ ಕೊಡ್ರಿ" ಎಂದವಳೇ ಸ್ಟೂಲ್ ಎಳೆದುಕೊಂಡು ಹಾಸಿಗೆಯ ಪಕ್ಕ ಕುಳಿತಳು.

"ಆಯಿ, ಈ ಕನ್ನಡಿ ನಿಮಗ ಏನ್ ಹೇಳ್ತು?"

ಗುರುಬಾಯಿ ಗೋಡೆಯ ಕಡೆಯಿಂದ ಇತ್ತ ಹೊರಳಿದಳು. "ಮೂರ್ ದಿನದಾಗ ಕಳಿಸಿಕೊಡ್ತೀವಿ ಅಂತು. ಹೋಗಾಕಿಗೆ ಗಂಜಿ ಯಾಕ ಬೇಕವಾ?"

ನನಗೆ ಅರ್ಥವಾಗಲಿಲ್ಲ. ಮೆಹರಾಜ್‌ಗೆ ಆಯಿತು. ಅವಳ ತರಗತಿಯವರು ಆಲಿಕೆಯಲ್ಲಿ ಓದಿದ ಒಂದು ನಾಟಕದಲ್ಲಿ ತಾಯಿಯೊಬ್ಬಳು ಮಗನನ್ನು ಮಣ್ಣು ಮಾಡಿ ಬಂದು, "ಕಳಿಸಿಕೊಟ್ಟು ಬಂದೆ" ಎನ್ನುತ್ತಾಳಂತೆ. ಆ ಒಂದೇ ಮಾತಿನ ಮೇಲೆ ಇಡೀ ಮಧ್ಯಾಹ್ನ ಮಾತಾಡಿದ್ದರಂತೆ.

"ಮ್ಯಾಲಕ್ಕಲ್ರಿ ಆಯಿ, ನಿಮ್ಮ ಮನಿಗಿ ಕಳಿಸಿಕೊಡ್ತೀವಿ ಅಂದಿದ್ದು. ನೀವು ಆರಾಮ ಆಗೀರಿ."

ಗುರುಬಾಯಿ ನನ್ನ ಮುಖ ನೋಡಿದಳು. "ಖರೇನೇನ್ರಿ ಡಾಕ್ಟ್ರ?"

"ಖರೇ ಆಯಿ" ಎಂದೆ. ಆಕೆ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು. ಆಮೇಲೆ ಬಟ್ಟಲಿಗೆ ಕೈಚಾಚಿ, "ಉಪ್ಪ ಇಲ್ಲ ಇದರಾಗ" ಎಂದು ಗೊಣಗುತ್ತಲೇ ಗಂಜಿ ಮುಗಿಸಿದಳು.

ಹೊರಗೆ ಬಂದು ನಳಿಕೆಯನ್ನು ವಾಪಸ್ ಇಟ್ಟೆ. ಆ ಐದು ನಿಮಿಷ ಕಾಯದಿದ್ದರೆ, ಸಾವಿಗೆ ಸಿದ್ಧವಾಗಿ ಮಲಗಿದ್ದ ಜೀವದ ಕೈಕಾಲು ಹಿಡಿಸಿ ನಳಿಕೆ ತುರುಕುತ್ತಿದ್ದೆ.

ಅರ್ಜಿ ವಾಪಸ್ ಪಡೆದೆ. ಕಳೆದ ತಿಂಗಳ ಸಭೆಯಲ್ಲಿ ಆಲಿಕೆ ಉಳಿಯಿತು. ಕನ್ನಡಿಗೆ ಮಾತು ಕಲಿಸುವವರ ಜೊತೆ ಆ ತರಗತಿಯ ಗುರುಗಳೂ ಕೂರಬೇಕೆಂದು ತೀರ್ಮಾನವಾಯಿತು. ಎಷ್ಟೋ ದಿನಗಳ ಮೇಲೆ ಎದೆ ಹಗುರಾಗಿದೆ. ಗುರುವಾರಗಳಂದು ನಾನೂ ಆಲಿಕೆಯ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಓದುವಾಗ ತಡವರಿಸುತ್ತೇನೆ, ಹುಡುಗರು ನಗುತ್ತಾರೆ.

ಇದೆಲ್ಲ ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳುವವರು ನಿಮ್ಮ ತರಗತಿಯಲ್ಲೂ ಇರಬಹುದು. ಬೇಸರಪಡದೆ ಅವರಿಂದ ಮುಂದಿನ ಪುಟ ಓದಿಸಿ.

ನಿಮ್ಮ ಶಿಷ್ಯರ ಶಿಷ್ಯರಿಗೂ ಶಿಷ್ಯನಾದ,
ಚನಮಲ್ಲಪ್ಪ