ಬೇರೆಯವರ ಕೈಗೆ ಹೋದ ಬುತ್ತಿ

ಗದಗ-ಬೆಟಗೇರಿ,
೧೦ ಡಿಸೆಂಬರ್ ೨೦೨೩, ರವಿವಾರ

ಪ್ರೀತಿಯ ವಾಣಿಶ್ರೀ ಅಕ್ಕಾ,

ಹೇಗಿದ್ದೀಯ? ಬೆಳಗಿನ ವಾಂತಿ ಕಡಿಮೆಯಾಯಿತೇ? ಹಮ್ಮಿಗಿಯ ಹೊಳೆಗಾಳಿಗೆ ಕಿವಿ ಮುಚ್ಚಿಕೊಳ್ಳದೆ ಓಡಾಡಬೇಡ. ಗುರುಸಿದ್ದವ್ವ ದೊಡ್ಡವ್ವ ‘ಇಬ್ಬರ ಪಾಲು ಉಣ್ಣವ್ವಾ’ ಎಂದು ರೊಟ್ಟಿಯ ಮೇಲೆ ರೊಟ್ಟಿ ಹಾಕುತ್ತಿರಬೇಕು; ಹೊಟ್ಟೆ ಒಪ್ಪಿದಷ್ಟೇ ಉಣ್ಣು. ನಾನು ಆರಾಮವಾಗಿದ್ದೇನೆ ಎಂದು ಬರೆಯಹೊರಟೆ, ಕೈ ಬರಲಿಲ್ಲ. ಅಲ್ಲಿಗೆ ಹೋದಾಗಿನಿಂದ ನೀನು ಯಾರ ಫೋನನ್ನೂ ಎತ್ತುತ್ತಿಲ್ಲ. ನಿಜ ಹೇಳಲೇ, ಎತ್ತದಿದ್ದಾಗಲೆಲ್ಲ ನನಗೆ ಒಳಗೊಳಗೇ ಹಾಯೆನಿಸುತ್ತಿತ್ತು.

ಎರಡು ಸಲ ಬಸಿರು ಕಳೆದುಕೊಂಡವಳು ನೀನು. ಈ ಸಲ ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದೆಂದು ನೀನು ಮಾಮಾನಿಂದ ನಿನ್ನ ತಲೆ ಮುಟ್ಟಿಸಿ ಆಣೆ ಮಾಡಿಸಿದ್ದೆ. ಗಂಡಹೆಂಡಿರಾದ ನಿಮ್ಮಿಬ್ಬರ ನಡುವಿನ ಆ ಮಾತು ವಾರದೊಳಗೆ ಶಿರಹಟ್ಟಿಯ ಓಣಿಗೆಲ್ಲ ಗೊತ್ತಾಯಿತು. ನಿನ್ನ ಅತ್ತೆ ಅಮೃತವ್ವ, ತಾವು ತಿನ್ನಬಾರದ ಸಕ್ಕರೆಯನ್ನು ಮನೆಮನೆಗೆ ಹಂಚಿ ಬಂದರು. ಯಾರು ಹೇಳಿದರೆಂದು ನೀನು ಕೇಳಿದ್ದಕ್ಕೆ, ‘ನನ್ನ ಮಗನ ಮಾರಿ ನೋಡಿದ್ರ ಗೊತ್ತಾಗೂದಿಲ್ಲೇನ?’ ಎಂದು ನಕ್ಕರು. ‘ಆಣಿ ಮುರದ್ರಿ ನೀವು’ ಎಂದು ಮಾಮಾನಿಗೆ ಹೇಳಿ ನೀನು ಹಮ್ಮಿಗಿಯ ಬಸ್ಸು ಹತ್ತಿದೆ.

ಅಕ್ಕಾ, ಮಾಮಾ ಹೇಳಲಿಲ್ಲ. ಹೇಳಿದ್ದು ನನ್ನ ವೆಬ್‌ಸೈಟು.

ಅತ್ತೆಯ ಸಕ್ಕರೆ ಪರೀಕ್ಷೆಗೆಂದು ಜೊತೆಗೆ ಹೋಗಿ, ನಿನ್ನ ರಕ್ತವನ್ನೂ ಮೆಲ್ಲಗೆ ಕೊಟ್ಟು ಬಂದೆಯಲ್ಲ, ಆ ಲ್ಯಾಬಿನ ವೆಬ್‌ಸೈಟ್ ಕಟ್ಟಿದವನು ನಾನೇ. ರಿಪೋರ್ಟ್ ತಯಾರಾದ ಸಂದೇಶ ಇಬ್ಬರಿಗೂ ಒಟ್ಟಿಗೆ ಬಂತು. ನೀನು ಮೊದಲು ಲಾಗಿನ್ ಆದೆ. ಸರ್ವರ್ ನಿನ್ನ ಹೆಸರಿನ ಪುಟ ಕಟ್ಟಿ ಕಳಿಸಿತು. ಪುಟ ತಡವಾಗಿ ಬರುತ್ತದೆಂದು ಜನ ಗೊಣಗುತ್ತಿದ್ದರು. ಅದಕ್ಕೆ, ಒಮ್ಮೆ ಕಟ್ಟಿದ ಪುಟವನ್ನು ಸರ್ವರ್ ಸ್ವಲ್ಪ ಹೊತ್ತು ತೆಗೆದಿಟ್ಟುಕೊಂಡು ಮುಂದೆ ಕೇಳಿದವರಿಗೂ ಅದನ್ನೇ ಕೊಡುವಂತೆ ಮಾಡಿದ್ದೆ. ಎಲ್ಲರಿಗೂ ಒಂದೇ ಆದ ಪುಟಗಳಿಗೆ ಅದು ಸರಿ. ರಿಪೋರ್ಟಿನ ಪುಟವನ್ನು ಅದರಿಂದ ಹೊರಗಿಡಲು ಮರೆತೆ. ಖಾನಾವಳಿಯಲ್ಲಿ ನಿನಗೆಂದು ಕಟ್ಟಿದ ಬುತ್ತಿಯನ್ನು ಹಿಂದೆ ನಿಂತವರ ಕೈಗೆ ಕೊಟ್ಟ ಹಾಗಾಯಿತು. ಅತ್ತೆ ತಮ್ಮದೇ ನಂಬರ್ ಹಾಕಿದರು, ತಮ್ಮದೇ ಓಟಿಪಿ ಹಾಕಿದರು. ಬಾಗಿಲಲ್ಲಿ ಯಾರೆಂದು ಕೇಳಿದ ನಾನು, ಬುತ್ತಿ ಕೊಡುವಾಗ ಯಾರದೆಂದು ನೋಡಲಿಲ್ಲ. ನಿನ್ನ ಹೆಸರು, ಗರ್ಭ ಪರೀಕ್ಷೆ, ಪಾಸಿಟಿವ್. ಕೊರೋನಾ ಬಂದುಹೋದ ಮೇಲೆ ಆ ಪದ ಯಾರಿಗೆ ಗೊತ್ತಿಲ್ಲ ಹೇಳು!

ನೀನು ಹೋದ ಮೇಲೆ ಅತ್ತೆಯೇ ಫೋನ್ ಹಿಡಿದುಕೊಂಡು ನನ್ನ ಬಳಿ ಬಂದರು. ‘ನಂದೀಶಾ, ನಾ ಒತ್ತಬಾರದ್ದ ಏನರ ಒತ್ತಿದ್ನೋ ಏನೋ, ನನ್ನ ಸಕ್ಕರಿದು ಬಾರದ ಸೊಸಿದು ಬಂತಪಾ. ಆಕಿಗೆ ಹೇಳಬ್ಯಾಡ.’ ಪಾಪ, ತಪ್ಪು ತಮ್ಮದೆಂದು ಹೆದರಿ ಮಗನ ಮುಖದ ನೆಪ ಹೇಳಿದ್ದರು. ‘ತಪ್ಪು ನಿಮ್ದಲ್ರಿ’ ಎಂದೆ. ಯಾರದೆಂದು ಹೇಳಲು ಬಾಯಿ ಬರಲಿಲ್ಲ. ಸೈಟನ್ನು ಅದೇ ದಿನ ಸರಿಪಡಿಸಿದೆ. ಲ್ಯಾಬಿನ ಮಾಲೀಕರಿಗೆ ಹೇಳಲು ಮಾತ್ರ ನಿನ್ನೆಯವರೆಗೆ ಧೈರ್ಯ ಬರಲಿಲ್ಲ. ಇನ್ಯಾರ ಮನೆಯ ಮಾತು ಇನ್ಯಾರ ಕೈಗೆ ಹೋಯಿತೋ ಎಂದು ನೆನೆದರೆ ಅನ್ನ ಸೇರುವುದಿಲ್ಲ.

ಬೈಯುವುದಿದ್ದರೆ ನನ್ನನ್ನು ಬೈ, ಆದರೆ ಉಪವಾಸ ಇರಬೇಡ. ದೊಡ್ಡವ್ವನಿಗೆ ನನ್ನ ನಮಸ್ಕಾರ. ಹೊಟ್ಟೆಯಲ್ಲಿರುವ ಕೂಸಿಗೆ ಸೋದರಮಾವನ ಮುದ್ದು.

ಮುಖ ತೋರಿಸಲಾರದ ನಿನ್ನ ತಮ್ಮ,
ನಂದೀಶ

ತಾ.ಕ.: ಮಾಮಾನಿಗೆ ಇದೆಲ್ಲ ಎರಡು ವಾರದ ಹಿಂದೆಯೇ ಹೇಳಿದ್ದೆ. ‘ಆಕಿಗೆ ಹೇಳಬ್ಯಾಡಲೇ. ಸಿಟ್ಟು ನನ್ನ ಮ್ಯಾಲ ಇದ್ರ ಇವತ್ತಲ್ಲ ನಾಳಿ ಇಳೀತೈತಿ. ಅಪ್ಪ ಅವ್ವ ಇಲ್ಲದಾಕಿಗೆ ತವರಮನಿ ಅಂದ್ರ ನೀ ಒಬ್ಬನ’ ಎಂದರು. ನಾನೂ ಸುಮ್ಮನಾದೆ. ಹಾಗೆ ಸುಮ್ಮನಿದ್ದದ್ದಕ್ಕೆ ನನ್ನನ್ನು ಕ್ಷಮಿಸಬೇಡ. ಈ ಪತ್ರ ತಂದವರೂ ಅವರೇ. ಅಂಟಿಸಿ ಕೊಟ್ಟಿದ್ದೇನೆ, ಒಳಗೇನಿದೆ ಅವರಿಗೆ ಗೊತ್ತಿಲ್ಲ. ನೀನು ಕರೆಯದೆ ಕಟ್ಟೆ ಹತ್ತುವುದಿಲ್ಲ ಎಂದಿದ್ದರು; ಹೊರಗೆ ನಿಂತಿರಬೇಕು. ಒಳಗೆ ಕರೆ.