ಆ ವರದಿ ನಿನ್ನದಲ್ಲ

ಅಕ್ಕಾ,

ಫೋನಿನಲ್ಲಿ ಹೇಳಲು ನಾಲಿಗೆ ಏಳಲಿಲ್ಲ. ಅದಕ್ಕೇ ಭಾವನ ಕೈಯಲ್ಲಿ ಈ ಪತ್ರ.

“ಗಡ್ಡೆ ಕೆಟ್ಟದ್ದಲ್ವಂತೆ ಕಣೇ, ಬದುಕಿದೆ!” ಎಂದು ಮೊನ್ನೆ ಕಿರುಚಿದೆಯಲ್ಲ, ಆ ವರದಿ ನಿನ್ನದಲ್ಲ. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಕಡತಗಳಿಗೆ ಜಾಗ ಹಂಚುವ ಕೋಡ್ ನಾನು ಬರೆದದ್ದು. ಒಂದು ಕಡತಕ್ಕೆ ಜಾಗ ಕೊಡುವಾಗ ಇನ್ನೊಂದು ನುಗ್ಗದಂತೆ ಅಲ್ಲೊಂದು ಬೀಗವಿತ್ತು. ವೇಗ ಹೆಚ್ಚಲೆಂದು ನಾನೇ ಅದನ್ನು ತೆಗೆದಿದ್ದೆ. ಒಂದೇ ಕ್ಷಣದಲ್ಲಿ ಬಂದ ಎರಡು ವರದಿಗಳಿಗೆ ಒಂದೇ ಜಾಗ ಸಿಕ್ಕಿ, ನಿನ್ನದು ಅಳಿದು ಅಲ್ಲಿ ಇನ್ಯಾರದೋ ಬಂದು ಕೂತಿತು. ಇವತ್ತು ಬೆಳಿಗ್ಗೆಯಷ್ಟೇ ಅದು ನನ್ನ ಕಣ್ಣಿಗೆ ಬಿತ್ತು.

ಬೀಗ ಮತ್ತೆ ಹಾಕಿದ್ದೇನೆ. ಅಳಿದದ್ದು ಮಾತ್ರ ಸಿಗಲಿಲ್ಲ. ಅದರಲ್ಲಿ ಏನಿತ್ತೆಂದು ಪರೀಕ್ಷಿಸಿದ ಡಾಕ್ಟರಿಗೂ ನೆನಪಿಲ್ಲ. ನಿನ್ನನ್ನು ಮತ್ತೆ ಪರೀಕ್ಷಿಸುತ್ತಾರಂತೆ. ನಾಳೆ ಹನ್ನೊಂದು ಗಂಟೆಗೆ ಸಿದ್ಧಳಾಗಿರು, ಕರೆದೊಯ್ಯಲು ಬರುತ್ತೇನೆ. ದಾರಿಯುದ್ದಕ್ಕೂ ಬೈ, ಆದರೆ ಬಾ.

ನಿನ್ನ ತಂಗಿ